ಆಟಿಕೆ ಕೊಡಿಸದೆ ಮಕ್ಕಳ ಒಳ್ಳೆಯ ನಡತೆಯನ್ನು ಮೆಚ್ಚುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ವರ್ಷದ ಹಿಂದೆ ನಾವು ಮೈಸೂರಿನಲ್ಲೇ ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಬಂದೆವು. ಅಟ್ಟ ಖಾಲಿ ಮಾಡುವಾಗ ಆಟಿಕೆಗಳೇ ಮೂರು ಗೋಣಿಚೀಲ ಆದವು. ಚಕ್ರ ಕಳಚಿದ ಕಾರು, ಕೈ ಮುರಿದ ಬೊಂಬೆ, ಬ್ಯಾಟರಿ ಸೋರಿ ತುಕ್ಕು ಹಿಡಿದ ರೈಲು. ಅವುಗಳಲ್ಲಿ ಎಷ್ಟೋ ಯಾವುದಾದರೂ ಒಳ್ಳೆಯ ಕೆಲಸಕ್ಕೆ ಅಂತ ಕೊಡಿಸಿದ್ದವು. ಇಂಜೆಕ್ಷನ್‌ಗೆ ಅಳಲಿಲ್ಲ ಅಂತ ಒಂದು, ಮದುವೆಮನೆಯಲ್ಲಿ ಗಲಾಟೆ ಮಾಡಲಿಲ್ಲ ಅಂತ ಒಂದು, ಊಟ ಬೇಗ ಮುಗಿಸಿದಳು ಅಂತ ಇನ್ನೊಂದು. ಯಾವುದು ಯಾವುದಕ್ಕೆ ಬಂತು ಅಂತ ಮಗಳಿಗೂ ನೆನಪಿರಲಿಲ್ಲ, ನನಗೂ ನೆನಪಿರಲಿಲ್ಲ.

ಆವತ್ತಿನಿಂದ ನಡತೆಗೆ ಪ್ರತಿಯಾಗಿ ಆಟಿಕೆ ಕೊಡಿಸುವುದನ್ನು ನಿಲ್ಲಿಸಿದೆವು. ಈಗ ಮಗಳಿಗೆ 9 ವರ್ಷ, ಮಗನಿಗೆ 5. ನೆಂಟರು, ಅಕ್ಕಪಕ್ಕದವರು, ಮಗಳ ಗೆಳತಿಯರ ಅಮ್ಮಂದಿರು ಇದರ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅವೆಲ್ಲಕ್ಕೂ ಇಲ್ಲಿ ಉತ್ತರ ಬರೆದಿದ್ದೇನೆ.

ಆಟಿಕೆ ಕೊಡಿಸಿದರೆ ತಪ್ಪೇನು? ಮಗು ಖುಷಿಪಡುತ್ತೆ ಅಲ್ವಾ?

ಖುಷಿಪಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಖುಷಿ ಆಟಿಕೆಯದ್ದು. ತಾನು ಮಾಡಿದ ಕೆಲಸದ್ದಲ್ಲ. ತಮ್ಮನಿಗೆ ಬಿಸ್ಕೆಟ್ ಹಂಚಿಕೊಟ್ಟದ್ದು ಬೆಳಿಗ್ಗೆ, ಕಾರು ಬಂದದ್ದು ಸಂಜೆ ಆರಕ್ಕೆ ಅಂದರೆ ನಡುವೆ ಹತ್ತು ಗಂಟೆ ಕಳೆದಿರುತ್ತದೆ. ನಾಲ್ಕು ವರ್ಷದ ಮಗುವಿನ ತಲೆಯಲ್ಲಿ ಆ ಎರಡಕ್ಕೂ ಸಂಬಂಧವೇ ಉಳಿದಿರುವುದಿಲ್ಲ.

ಇನ್ನೊಂದು ತೊಂದರೆ ಎಂದರೆ ಬೆಲೆ ಏರುತ್ತಾ ಹೋಗುತ್ತದೆ. ಮೊದಲು 20 ರೂಪಾಯಿಯ ಬಲೂನು ಸಾಕಾಗುತ್ತದೆ, ಆಮೇಲೆ 100 ರೂಪಾಯಿ ಕಾರು, ಆಮೇಲೆ ರಿಮೋಟ್ ಇರುವ ಕಾರು. ನಮ್ಮ ಮನೆಯಲ್ಲಿ ಮಗಳು ಆರು ವರ್ಷಕ್ಕೇ "ಇದಕ್ಕೆ ಏನ್ ಕೊಡ್ತೀಯಾ?" ಅಂತ ಕೇಳಲು ಶುರು ಮಾಡಿದ್ದಳು. ಅಜ್ಜಿಗೆ ಒಂದು ಲೋಟ ನೀರು ತಂದುಕೊಡು ಅಂದರೂ ಅದೇ ಪ್ರಶ್ನೆ. ಆ ದಿನ ನನಗೆ ನಿಜವಾಗಿಯೂ ಭಯವಾಯಿತು.

ಬಹುಮಾನಕ್ಕೂ ಲಂಚಕ್ಕೂ ಏನು ವ್ಯತ್ಯಾಸ?

ನಾನು ಇದನ್ನು ಮೂರಾಗಿ ನೋಡುತ್ತೇನೆ: ಲಂಚ, ಕೂಲಿ, ಕೊಸರು.

ಮಗು ಅಂಗಡಿಯ ನೆಲದ ಮೇಲೆ ಬಿದ್ದು ಒದ್ದಾಡುತ್ತಿದೆ, "ಸುಮ್ಮನಾದರೆ ಚಾಕಲೇಟ್ ಕೊಡಿಸ್ತೀನಿ" ಅಂತೀರಿ. ಇದು ಲಂಚ. ರಚ್ಚೆ ಹಿಡಿದರೆ ಲಾಭವಿದೆ ಅನ್ನುವ ಪಾಠ ಅದಕ್ಕೆ ಸಿಕ್ಕಿತು, ಮುಂದಿನ ಸಲ ಇನ್ನೂ ಜೋರಾಗಿ ರಚ್ಚೆ ಹಿಡಿಯುತ್ತದೆ. "ಹೋಂವರ್ಕ್ ಮುಗಿಸಿದರೆ ಇಂಥದ್ದು ಕೊಡ್ತೀನಿ" ಅಂತ ಮೊದಲೇ ಮಾತಾಡಿಕೊಂಡು ಕೊಡುವುದು ಕೂಲಿ. ಕೂಲಿ ಕೆಟ್ಟದ್ದಲ್ಲ, ಕೆಲವು ಕಡೆ ಬೇಕಾಗುತ್ತದೆ, ಮುಂದೆ ಹೇಳುತ್ತೇನೆ. ಆದರೆ ಕೂಲಿ ನಿಂತ ದಿನ ಕೆಲಸವೂ ನಿಲ್ಲಬಹುದು.

ಕೊಸರು ಅಂದರೆ ನಿಮಗೆ ಗೊತ್ತೇ ಇದೆ. ದೇವರಾಜ ಮಾರ್ಕೆಟ್ಟಿನಲ್ಲಿ ತರಕಾರಿ ತೂಗಿಸಿ, ದುಡ್ಡು ಕೊಟ್ಟು, ಇನ್ನೇನು ಹೊರಡಬೇಕು ಅನ್ನುವಾಗ ಮಾರುವ ಅಮ್ಮ ಒಂದೆರಡು ಎಳೆ ಕರಿಬೇವು, ಎರಡು ಹಸಿಮೆಣಸಿನಕಾಯಿ ಚೀಲಕ್ಕೆ ಹಾಕುತ್ತಾರೆ. ಅದು ಲೆಕ್ಕಕ್ಕೆ ಸೇರಿದ್ದಲ್ಲ. ಅದರ ಬೆಲೆ ಎರಡು ರೂಪಾಯಿಯೂ ಆಗಲಿಕ್ಕಿಲ್ಲ, ಆದರೂ ಮುಂದಿನ ವಾರ ನಾವು ಅದೇ ಅಂಗಡಿಗೆ ಹೋಗುತ್ತೇವೆ. ಮಕ್ಕಳಿಗೆ ಕೊಡುವುದೂ ಹಾಗೆ ಇರಬೇಕು ಅನ್ನುವುದು ನನ್ನ ನಂಬಿಕೆ: ಕೆಲಸ ಆದ ಮೇಲೆ, ಮೊದಲೇ ಹೇಳದೆ, ಸಣ್ಣದಾಗಿ, ಪ್ರೀತಿಯಿಂದ.

ಇದು ಬರೀ ನನ್ನ ಮಾತಲ್ಲ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನಃಶಾಸ್ತ್ರಜ್ಞರು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಒಂದು ಶಿಶುವಿಹಾರದಲ್ಲಿ ಒಂದು ಪ್ರಯೋಗ ಮಾಡಿದ್ದರು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯುವುದನ್ನು ಮೊದಲೇ ಇಷ್ಟಪಡುತ್ತಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ "ಚಿತ್ರ ಬರೆದರೆ ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ" ಎಂದು ಮೊದಲೇ ಹೇಳಿದರು. ಎರಡನೆಯ ಗುಂಪಿಗೆ ಏನೂ ಹೇಳದೆ, ಬರೆದಾದ ಮೇಲೆ ಅದೇ ಸರ್ಟಿಫಿಕೇಟ್ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಮೊದಲ ಗುಂಪಿನ ಮಕ್ಕಳು ಚಿತ್ರ ಬರೆಯುವುದಕ್ಕೆ ಕೊಡುತ್ತಿದ್ದ ಸಮಯ ಉಳಿದವರ ಸುಮಾರು ಅರ್ಧಕ್ಕೆ ಇಳಿದಿತ್ತು. ಹೇಳದೆ ಪಡೆದ ಮಕ್ಕಳ ಆಸೆ ಹಾಗೇ ಇತ್ತು. ಇಬ್ಬರಿಗೂ ಸಿಕ್ಕಿದ್ದು ಒಂದೇ ಕಾಗದ. ಒಬ್ಬರಿಗೆ ಅದು ಕೂಲಿಯಾಯಿತು, ಇನ್ನೊಬ್ಬರಿಗೆ ಕೊಸರಾಯಿತು.

ಸರಿ, ಆಟಿಕೆ ಬೇಡ. ಹಾಗಾದರೆ ಏನು ಕೊಡೋದು?

ಎಲ್ಲರೂ ಕೊನೆಗೆ ಬಂದು ನಿಲ್ಲುವ ಪ್ರಶ್ನೆ ಇದೇ. ನಮ್ಮಲ್ಲಿ ನಡೆಯುವುದನ್ನು ಹೇಳುತ್ತೇನೆ, ನಿಮ್ಮ ಮನೆಗೆ ಹೊಂದುವುದನ್ನು ತೆಗೆದುಕೊಳ್ಳಿ.

ಮಕ್ಕಳಿಗೆ ಅತೀ ಇಷ್ಟವಾಗುವುದು ದೊಡ್ಡವರ ಕೆಲಸ ಕೈಗೆ ಸಿಗುವುದು. ಒಂದು ಭಾನುವಾರ ಮಗ ತಾನಾಗಿಯೇ ಎದ್ದು ಹಾಸಿಗೆ ಮಡಚಿದ್ದ. ಬಟ್ಟೆಯ ಗಂಟಿನ ಥರ ಇತ್ತು ಅದು, ಆದರೂ ಮಡಚಿದ್ದ. "ಇವತ್ತು ನಿನ್ನ ದೋಸೆ ನೀನೇ ಹುಯ್ಯೋದು" ಅಂದೆ. ಸ್ಟೂಲಿನ ಮೇಲೆ ನಿಂತ, ಹಿಂದಿನಿಂದ ನಾನು ಸೊಂಟ ಹಿಡಿದುಕೊಂಡೆ, ಸೌಟಿನ ಮೇಲೆ ಅವನ ಕೈ, ಅದರ ಮೇಲೆ ನನ್ನ ಕೈ. ಹಿಟ್ಟು ಕಾವಲಿಯ ಅಂಚಿಗೆ ಹೋಗಿ ಶ್ರೀಲಂಕಾ ನಕ್ಷೆಯ ಥರ ಆಯಿತು. ಅದನ್ನು ಯಾರಿಗೂ ಕೊಡದೆ, ತಟ್ಟೆ ಎತ್ತಿಕೊಂಡು ಎಲ್ಲರಿಗೂ ತೋರಿಸಿ ಬಂದು ತಿಂದ. ಮಾರನೆಯ ದಿನ ಹಾಸಿಗೆ ಮತ್ತೆ ಮಡಚಿದ್ದ, ಆದರೆ ದೋಸೆ ಕೇಳಲಿಲ್ಲ.

ಇಂಥವು ಬೇಕಾದಷ್ಟಿವೆ. ಬಾಗಿಲಿಗೆ ರಂಗೋಲಿ ಇಡುವುದು, ದೇವರಿಗೆ ಗಂಟೆ ಬಾರಿಸುವುದು, ಗಿಡಕ್ಕೆ ನೀರು ಹಾಕುವ ಪೈಪು ಹಿಡಿಯುವುದು, ಬಸ್ಸಿನಲ್ಲಿ ಕಂಡಕ್ಟರ್‌ಗೆ ದುಡ್ಡು ಕೊಟ್ಟು ಟಿಕೆಟ್ ಇಸ್ಕೊಳ್ಳುವುದು, ಅಂಗಡಿಗೆ ಹೋಗಿ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ತರುವುದು. ನಮಗೆ ಇವು ಕೆಲಸ, ಮಕ್ಕಳಿಗೆ ಗೌರವ.

ಎರಡನೆಯದು ಆಯ್ಕೆ. ನಾಳೆ ಡಬ್ಬಿಗೆ ಚಿತ್ರಾನ್ನವೋ ಪುಳಿಯೋಗರೆಯೋ, ಇವತ್ತು ರಾತ್ರಿ ಯಾವ ಕಥೆ, ಸಂಜೆ ವಾಕಿಂಗಿಗೆ ಯಾವ ರಸ್ತೆ ಎಂದು ಮಗು ಹೇಳಲಿ. ಅಜ್ಜಿಯ ಪಕ್ಕ ಯಾರು ಮಲಗುವುದು ಅನ್ನುವುದು ನಮ್ಮ ಮನೆಯಲ್ಲಿ ದೊಡ್ಡ ವಿಷಯ!

ಮೂರನೆಯದು ಅಪ್ಪನೋ ಅಮ್ಮನೋ ಒಬ್ಬರೇ ಸಿಗುವುದು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅಪ್ಪನ ಜೊತೆ ಒಂದು ಸುತ್ತು, ಭಾನುವಾರ ಸಂಜೆ ಅರಮನೆಯ ದೀಪ ಹತ್ತುವುದನ್ನು ಹೊರಗೆ ನಿಂತು ನೋಡುವುದು, ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ಮಲಗಿ ನಕ್ಷತ್ರ ಎಣಿಸುವುದು. ಅಟ್ಟ ಖಾಲಿ ಮಾಡಿದ ದಿನ ಆಟಿಕೆಗಳ ಬಗ್ಗೆ ಏನೂ ಹೇಳಲಾಗದ ಮಗಳು, "ಕರೆಂಟ್ ಹೋಗಿದ್ದಾಗ ಅಪ್ಪ ನನ್ನೊಬ್ಬಳನ್ನೇ ಮಾಳಿಗೆಗೆ ಕರ್ಕೊಂಡು ಹೋಗಿದ್ರಲ್ಲಾ" ಅಂತ ಎರಡು ವರ್ಷ ಹಳೆಯ ಮಾತನ್ನು ಪೂರ್ತಿ ಹೇಳಿದಳು, ಕಡಲೆಕಾಯಿ ತಿಂದದ್ದೂ ಸೇರಿಸಿ.

ನಾಲ್ಕನೆಯದು ಆಟ. ಆಟಿಕೆ ಬೇಡ ಅಂದೆ, ಆಟ ಬೇಡ ಅನ್ನಲಿಲ್ಲ. ಚೌಕಾಬಾರಕ್ಕೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಮನೆ ಬರೆದರೆ ಆಯಿತು, ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಒಂದು ಕಡೆ ಉಜ್ಜಿ ಬಿಳಿ ಮಾಡಿಕೊಂಡರೆ ಸಾಕು. ಅಳಗುಳಿ ಮಣೆಗೆ ಹಳ್ಳ ಇರುವ ಮಣೆಯೇ ಬೇಕೆಂದಿಲ್ಲ, ಇಡ್ಲಿ ತಟ್ಟೆಯೂ ನಡೆಯುತ್ತದೆ. ಕುಂಟೆಬಿಲ್ಲೆಗೆ ಒಂದು ಹೆಂಚಿನ ಚೂರು ಸಾಕು. ನಮ್ಮತ್ತೆ ಈಗಲೂ ಚೌಕಾಬಾರದಲ್ಲಿ ನಮ್ಮನ್ನೆಲ್ಲ ಸೋಲಿಸುತ್ತಾರೆ.

ಹೊಗಳಿದರೆ ಸಾಕಾಗಲ್ವಾ?

ಸಾಕಾಗುತ್ತದೆ, ಹೇಗೆ ಹೊಗಳುತ್ತೀರಿ ಎನ್ನುವುದರ ಮೇಲೆ. "ಗುಡ್ ಬಾಯ್", "ಸೂಪರ್", "ಜಾಣಮರಿ" ಇವನ್ನು ದಿನಕ್ಕೆ ಐವತ್ತು ಸಲ ಅಂದರೆ ಮಗುವಿಗೆ ಅದು ಫ್ಯಾನಿನ ಸದ್ದಿನ ಥರ ಆಗಿಬಿಡುತ್ತದೆ. ಏನು ನೋಡಿದಿರೋ ಅದನ್ನು ಹೇಳಿ. "ತಂಗಿ ಅಳ್ತಿದ್ದಾಗ ನೀನು ಆಟ ಬಿಟ್ಟು ಹೋಗಿ ಕಣ್ಣೊರೆಸಿದೆ, ನಾನು ನೋಡಿದೆ" ಅನ್ನುವ ಒಂದು ಮಾತಿಗೆ ಹತ್ತು ಸೂಪರ್ ಸಮವಲ್ಲ.

ಜಾಣತನವನ್ನು ಹೊಗಳುವುದಕ್ಕೂ ಶ್ರಮವನ್ನು ಹೊಗಳುವುದಕ್ಕೂ ಅಜಗಜಾಂತರ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ಅಮೆರಿಕದ ಐದನೇ ತರಗತಿ ಮಕ್ಕಳಿಗೆ ಆಕೃತಿಗಳನ್ನು ಹೊಂದಿಸುವ ಕೆಲವು ಒಗಟು ಕೊಟ್ಟು, ಕೆಲವರಿಗೆ "ನೀನು ಜಾಣ" ಅಂದರು, ಕೆಲವರಿಗೆ "ತುಂಬಾ ಕಷ್ಟಪಟ್ಟು ಮಾಡಿದ್ದೀಯ" ಅಂದರು. ಆಮೇಲೆ ತೀರಾ ಕಷ್ಟದ್ದು ಕೊಟ್ಟು ಸೋಲುವಂತೆ ಮಾಡಿದರು. ಮತ್ತೆ ಮೊದಲಿನಷ್ಟೇ ಸುಲಭದ್ದು ಕೊಟ್ಟಾಗ ಜಾಣ ಅನ್ನಿಸಿಕೊಂಡವರು ಮೊದಲಿಗಿಂತ ಕೆಟ್ಟದಾಗಿ ಮಾಡಿದರು, ಶ್ರಮಕ್ಕೆ ಹೊಗಳಿಸಿಕೊಂಡವರು ಮೊದಲಿಗಿಂತ ಚೆನ್ನಾಗಿ ಮಾಡಿದರು. ಜಾಣ ಅನ್ನುವ ಹೆಸರು ಒಮ್ಮೆ ಬಂದರೆ ಅದನ್ನು ಕಳೆದುಕೊಳ್ಳುವ ಭಯವೂ ಜೊತೆಗೇ ಬರುತ್ತದೆ ಅನ್ನಿಸುತ್ತದೆ ನನಗೆ.

ಇನ್ನೊಂದು ನಮ್ಮ ಹಳೆಯ ದಾರಿ ಇದೆ, ಕಿವಿಗೆ ಬೀಳುವಂತೆ ಹೊಗಳುವುದು. ಮೊನ್ನೆ ನಮ್ಮನೆಯವರು ಆಫೀಸಿಂದ ಬಂದಾಗ, "ಇವತ್ತು ಚಿಕ್ಕವನು ಅಜ್ಜಿ ಕನ್ನಡಕ ಹುಡುಕಿಕೊಟ್ಟ, ಯಾರೂ ಹೇಳಿರಲಿಲ್ಲ" ಅಂತ ಅವರಿಗೆ ಹೇಳುತ್ತಿದ್ದೆ. ಮಗ ಕರ್ಟನ್ ಹಿಂದೆ ನಿಂತಿದ್ದ. ಕೆಳಗಿಂದ ಹತ್ತು ಕಾಲ್ಬೆರಳು ಮಾತ್ರ ಕಾಣುತ್ತಿದ್ದವು, ನಾನು ಹೇಳುತ್ತಾ ಹೋದ ಹಾಗೆ ಅವು ಒಂದೇ ಸಮನೆ ಮೇಲೆ ಕೆಳಗೆ ಆಡುತ್ತಿದ್ದವು. ಊರಿನ ತಾತನಿಗೆ ಫೋನ್ ಮಾಡಿ ಹೇಳುವುದೂ ಇದೇ ಥರ. ತಾತ ಆ ಕಡೆಯಿಂದ "ಭೇಷ್ ಮಗನೇ" ಅಂದರೆ ಅದಕ್ಕಿಂತ ಬೇರೆ ಏನು ಬೇಕು?

ಹಿರಿಯರು "ಮಕ್ಕಳನ್ನ ಎದುರಿಗೇ ಹೊಗಳಬೇಡ, ದೃಷ್ಟಿಯಾಗುತ್ತೆ" ಅಂತಾರಲ್ಲ?

ಅವರ ಜೊತೆ ವಾದ ಬೇಡ. ಚಂದ, ಬಣ್ಣ, ಬುದ್ಧಿಯನ್ನು ಹೊಗಳಿದರೆ ದೃಷ್ಟಿ ಅನ್ನುತ್ತಾರೆ. "ಚಪ್ಪಲಿ ಜೋಡಿಸಿಟ್ಟಿದ್ದೀಯ, ನನಗೆ ಒಂದು ಕೆಲಸ ಕಮ್ಮಿಯಾಯ್ತು" ಅಂದರೆ ನಮ್ಮತ್ತೆಯೂ ಏನೂ ಅನ್ನಲಿಲ್ಲ. ಈಗ ಅವರೇ ಹಾಗೆ ಹೇಳುತ್ತಾರೆ.

ಸ್ಟಾರ್ ಚಾರ್ಟ್ ಮಾಡಬಹುದಾ?

ಮಾಡಬಹುದು. ಇದೇ ನಾನು ಹೇಳಿದ ಕೂಲಿ. ಹೊಸ ಅಭ್ಯಾಸ ಹಿಡಿಸಬೇಕು, ಅದು ಮಗುವಿಗೆ ಬೇಸರದ ಕೆಲಸ ಅಂದಾಗ ಸ್ವಲ್ಪ ದಿನದ ಮಟ್ಟಿಗೆ ಕೂಲಿ ಸಹಾಯ ಮಾಡುತ್ತದೆ. ನಮ್ಮ ಮನೆಯಲ್ಲಿ ಚಾರ್ಟ್ ಇಲ್ಲ, ಹುಣಸೆಬೀಜದ ಡಬ್ಬಿ ಇದೆ.

ಮಗ ಶಾಲೆಯಿಂದ ಬಂದವನೇ ಒಂದು ಶೂ ಬಾಗಿಲಲ್ಲಿ, ಇನ್ನೊಂದು ಸೋಫಾ ಕೆಳಗೆ, ಬ್ಯಾಗು ನಡುಮನೆಯಲ್ಲಿ ಎಸೆಯುತ್ತಿದ್ದ. ಹೇಳಿ ಹೇಳಿ ಬಾಯಿ ಸೋತು ಹೋಗಿತ್ತು. ಹಳೆಯ ಸ್ಟೀಲಿನ ಕಾಫಿಪುಡಿ ಡಬ್ಬಿ ತೆಗೆದಿಟ್ಟೆ. ಶೂ, ಬ್ಯಾಗು ಎರಡೂ ಜಾಗಕ್ಕೆ ಹೋದರೆ ಒಂದು ಬೀಜ, ಅವನೇ ಹಾಕುವುದು. ಟಣ್ ಅಂತ ಸದ್ದು ಬರಬೇಕು, ಅದಕ್ಕೇ ಸ್ಟೀಲು. ಐದು ಬೀಜ ಆದರೆ ಅಪ್ಪನ ಜೊತೆ ಸೈಕಲ್ಲಿನಲ್ಲಿ ಒಂದು ರೌಂಡ್.

ಇದರಲ್ಲಿ ನಾನು ಕಲಿತದ್ದು ಇಷ್ಟು. ಒಂದು ಸಲಕ್ಕೆ ಒಂದೇ ಅಭ್ಯಾಸ. ಶೂ, ಹಲ್ಲುಜ್ಜುವುದು, ಹೋಂವರ್ಕು ಎಲ್ಲ ಸೇರಿಸಿದರೆ ಯಾವುದೂ ಆಗುವುದಿಲ್ಲ. "ಒಳ್ಳೆಯವನಾಗಿರು" ಅನ್ನುವುದಕ್ಕೆ ಬೀಜ ಹಾಕಲಾಗದು, ಕಣ್ಣಿಗೆ ಕಾಣುವ ಕೆಲಸ ಬೇಕು. ಬೀಜ ಆ ಕ್ಷಣವೇ ಬೀಳಬೇಕು, ರಾತ್ರಿ ಲೆಕ್ಕ ಹಾಕುವುದಲ್ಲ. ಐದು ವರ್ಷದವರಿಗೆ ಐದು ಬೀಜ ಸಾಕು, ಮೂವತ್ತು ಅಂದರೆ ಅವರಿಗೆ ಅದು ಮುಂದಿನ ವರ್ಷದ ಹಾಗೆ. ಮತ್ತೆ, ಅಭ್ಯಾಸ ಹಿಡಿದ ಮೇಲೆ ನಿಧಾನಕ್ಕೆ ಬಿಡಬೇಕು. ಮೂರನೆಯ ವಾರ ದಿನ ಬಿಟ್ಟು ದಿನ ಹಾಕಿದೆವು. ನಾಲ್ಕನೆಯ ವಾರ ಡಬ್ಬಿಯನ್ನು ಶೆಲ್ಫಿನ ಮೇಲಿಟ್ಟೆ, ಅವನು ಕೇಳಲಿಲ್ಲ. ಶೂ ಈಗಲೂ ಒಮ್ಮೊಮ್ಮೆ ಸೋಫಾ ಕೆಳಗೆ ಸಿಗುತ್ತದೆ, ಆದರೆ ವಾರಕ್ಕೆ ಒಂದು ಸಲ.

ತಪ್ಪು ಮಾಡಿದರೆ ಡಬ್ಬಿಯಿಂದ ಬೀಜ ವಾಪಸ್ ತೆಗೆಯಬಹುದಾ?

ದಯವಿಟ್ಟು ಬೇಡ. ಸೋಮವಾರ ಮಾಡಿದ ಒಳ್ಳೆಯ ಕೆಲಸ ಬುಧವಾರದ ತಪ್ಪಿನಿಂದ ಅಳಿಸಿಹೋಗುವುದಿಲ್ಲ. ಗಳಿಸಿದ್ದು ಗಳಿಸಿದ್ದೇ.

ಯಾವುದಕ್ಕೆ ಬಹುಮಾನ ಕೊಡಲೇಬಾರದು?

ಮಗು ಇಷ್ಟಪಟ್ಟು ಮಾಡುವುದಕ್ಕೆ ಕೊಡಬೇಡಿ. ಓದು, ಹಾಡು, ಚಿತ್ರ, ಆಟ ಇವೆಲ್ಲ. ಮೇಲೆ ಹೇಳಿದ ಸ್ಕೆಚ್ ಪೆನ್ನಿನ ಮಕ್ಕಳನ್ನು ನೆನಪಿಸಿಕೊಳ್ಳಿ. ಒಂದು ಪುಸ್ತಕ ಓದಿದ್ದಕ್ಕೆ ಕೊಡಬೇಕು ಅನ್ನಿಸಿದರೆ ಇನ್ನೊಂದು ಪುಸ್ತಕ ಕೊಡಿ. ಹತ್ತಿರದ ಲೈಬ್ರರಿಗೆ ಕರೆದುಕೊಂಡು ಹೋಗಿ, ಅವರೇ ಆರಿಸಲಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಇರುತ್ತದೆ, ಈಗ ಅರಿವು ಕೇಂದ್ರ ಅನ್ನುತ್ತಾರೆ.

ಹಾಗೆಯೇ ಸಹಾಯ ಮಾಡುವ ಗುಣಕ್ಕೆ ವಸ್ತು ಕೊಡಬೇಡಿ. ಜರ್ಮನಿಯಲ್ಲಿ ಫೆಲಿಕ್ಸ್ ವಾರ್ನೆಕನ್ ಮತ್ತು ಮೈಕೆಲ್ ಟೊಮಸೆಲ್ಲೊ 20 ತಿಂಗಳ ಕೂಸುಗಳ ಮುಂದೆ ವಸ್ತು ಬೀಳಿಸಿ, ಎತ್ತಿಕೊಡುತ್ತವಾ ಅಂತ ನೋಡಿದರು. 2008ರಲ್ಲಿ ಅದು ಪ್ರಕಟವಾಯಿತು. ಎತ್ತಿಕೊಟ್ಟದ್ದಕ್ಕೆ ಆಟದ ವಸ್ತು ಪಡೆದ ಕೂಸುಗಳು ಆಮೇಲೆ ಸಹಾಯ ಮಾಡುವುದು ಕಡಿಮೆಯಾಯಿತು. ಬರೀ ಹೊಗಳಿಕೆ ಪಡೆದವು, ಏನೂ ಪಡೆಯದವು ಎತ್ತಿಕೊಡುತ್ತಲೇ ಇದ್ದವು. ಇನ್ನೂ ಎರಡು ತುಂಬದ ಕೂಸಿಗೆ ಯಾರೂ ಕಲಿಸದೆಯೇ ಕೈ ನೀಡುವ ಮನಸ್ಸಿದೆ ಅಂದರೆ ಎಷ್ಟು ದೊಡ್ಡ ಮಾತು! ನಾವು ಅದಕ್ಕೆ ಬೆಲೆ ಕಟ್ಟಿ ಕೆಡಿಸಬಾರದು ಅಷ್ಟೇ.

ತಿಂಡಿ ಕೊಡಬಹುದಾ? ಚಾಕಲೇಟ್, ಐಸ್‌ಕ್ರೀಮ್?

ಮನೆಮಂದಿಯೆಲ್ಲ ಸೇರಿ ಐಸ್‌ಕ್ರೀಮ್ ತಿನ್ನಲು ಹೋಗುವುದು ಬೇರೆ, ನಡತೆಗೆ ಚಾಕಲೇಟು ಬೇರೆ. ಎರಡನೆಯದನ್ನು ನಾನು ಮಾಡುವುದಿಲ್ಲ. ಬೇಜಾರಾದರೆ ಸಿಹಿ, ಗೆದ್ದರೆ ಸಿಹಿ ಅನ್ನುವ ಅಭ್ಯಾಸ ಬಂದರೆ ಬಿಡಿಸುವುದು ಕಷ್ಟ, ಹಲ್ಲು ಹುಳುಕಾಗುವುದು ಬೇರೆ.

"ಪಲ್ಯ ತಿಂದರೆ ಜಾಮೂನು ಕೊಡ್ತೀನಿ" ಅನ್ನುವ ಮಾತನ್ನು ನಾನೂ ಎಷ್ಟೋ ವರ್ಷ ಅಂದಿದ್ದೇನೆ. ಯೋಚನೆ ಮಾಡಿ, ಆ ಮಾತಿನಲ್ಲೇ ಪಲ್ಯ ಶಿಕ್ಷೆ, ಜಾಮೂನು ಬಿಡುಗಡೆ ಅಂತ ನಾವೇ ಹೇಳಿಬಿಡುತ್ತೇವೆ. 1984ರಲ್ಲಿ ಲಿಯಾನ್ ಬರ್ಚ್ ಮತ್ತು ಜೊತೆಗಾರರು ಪುಟ್ಟ ಮಕ್ಕಳಿಗೆ ಹಾಲಿನ ಒಂದು ಪಾನೀಯ ಕುಡಿದದ್ದಕ್ಕೆ ಬಹುಮಾನ ಕೊಟ್ಟು ನೋಡಿದಾಗ, ಆ ಪಾನೀಯದ ಮೇಲಿನ ಇಷ್ಟವೇ ಕಡಿಮೆಯಾಗಿತ್ತು. ನಾವು ಈಗ ಹೀರೇಕಾಯಿ ಸಿಪ್ಪೆ ಹೆರೆಯಲು ಮಗಳನ್ನೇ ಕೂರಿಸುತ್ತೇವೆ. ತಾನು ಹೆರೆದ ಸಿಪ್ಪೆಯ ಚಟ್ನಿಯನ್ನು ಅವಳು ಎರಡು ಸಲ ಹಾಕಿಸಿಕೊಳ್ಳುತ್ತಾಳೆ.

ಅರ್ಧ ಗಂಟೆ ಮೊಬೈಲ್ ಕೊಟ್ಟರೆ?

ಎರಡು ವಿಷಯ ಬೇರೆ ಮಾಡಿಕೊಳ್ಳಿ. "ಮೊದಲು ಹೋಂವರ್ಕ್, ಆಮೇಲೆ ಆಟ" ಅನ್ನುವುದು ಕ್ರಮ. ಡೇವಿಡ್ ಪ್ರೆಮ್ಯಾಕ್ ಎಂಬ ಮನಃಶಾಸ್ತ್ರಜ್ಞ 1959ರಲ್ಲಿ ಇದನ್ನು ಶಾಸ್ತ್ರವಾಗಿ ಬರೆದರು: ಇಷ್ಟದ ಕೆಲಸವನ್ನು ಕಷ್ಟದ ಕೆಲಸದ ಹಿಂದೆ ಇಟ್ಟರೆ ಕಷ್ಟದ್ದು ಮುಗಿಯುತ್ತದೆ. ಅದಕ್ಕೆ ಅಜ್ಜಿಯ ನಿಯಮ ಅಂತಲೇ ಹೆಸರು ಬಿದ್ದಿದೆ. ನಮ್ಮಜ್ಜಿಯೂ ಅದನ್ನೇ ಮಾಡುತ್ತಿದ್ದರು, ಕೈಕಾಲು ತೊಳೆದು ದೇವರಿಗೆ ಕೈಮುಗಿದ ಮೇಲೆಯೇ ಚಕ್ಕುಲಿ ಡಬ್ಬಿ ತೆರೆಯುತ್ತಿತ್ತು.

ಆದರೆ ಮೊಬೈಲನ್ನೇ ಬಹುಮಾನ ಮಾಡಿದರೆ ಮನೆಯಲ್ಲಿ ಅತಿ ಬೆಲೆಬಾಳುವ ವಸ್ತು ಅದೇ ಅಂತ ನಾವೇ ಸಾರಿದ ಹಾಗೆ. ಐದು ವರ್ಷದ ಒಳಗಿನ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವುದು ಹೀಗಿದೆ: ಎರಡು ವರ್ಷದವರೆಗೆ ಕೂತು ಸ್ಕ್ರೀನ್ ನೋಡುವುದು ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಅದಕ್ಕಿಂತ ಕಮ್ಮಿಯಿದ್ದರೆ ಒಳ್ಳೆಯದು. ನಮ್ಮಲ್ಲಿ ಟಿವಿಗೆ ಒಂದು ಹೊತ್ತು ಅಂತಿದೆ. ಒಳ್ಳೆಯವರಾದರೂ ಅಷ್ಟೇ, ತಂಟೆ ಮಾಡಿದರೂ ಅಷ್ಟೇ.

ಮನೆಗೆಲಸಕ್ಕೆ ದುಡ್ಡು ಕೊಡೋದು?

ತಟ್ಟೆ ಎತ್ತುವುದು, ಬಟ್ಟೆ ಮಡಚುವುದು ಮನೆಯಲ್ಲಿ ಇರುವ ಎಲ್ಲರ ಪಾಲು. ಅದಕ್ಕೆ ದುಡ್ಡು ಬೇಡ. ದುಡ್ಡಿನ ಲೆಕ್ಕ ಕಲಿಸಬೇಕಿದ್ದರೆ ನಡತೆಗೆ ಸಂಬಂಧವಿಲ್ಲದೆ ವಾರಕ್ಕಿಷ್ಟು ಅಂತ ಕೊಡಿ, ಹುಂಡಿಗೆ ಹಾಕಲಿ.

ಅಜ್ಜಿ-ತಾತ, ಸೋದರಮಾವ ಬಂದಾಗಲೆಲ್ಲ ಆಟಿಕೆ ತರುತ್ತಾರೆ. ಹೇಗೆ ತಡೆಯೋದು?

ತಡೆಯಬೇಡಿ. ಅವರು ತರುವುದು ನಡತೆಗೆ ಪ್ರತಿಯಾಗಿ ಅಲ್ಲ, ಅಕ್ಕರೆಗೆ. ನಾನು ಶುರುವಿನಲ್ಲಿ ತುಂಬಾ ಕಟ್ಟುನಿಟ್ಟು ಮಾಡಿ ನನ್ನ ತಂದೆಯವರ ಮನಸ್ಸು ನೋಯಿಸಿದ್ದೆ. ಬಸ್ಸಿನಲ್ಲಿ ಮೂರು ಗಂಟೆ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ ಲಾರಿಯನ್ನು ನಾನು ಒಳಗೆ ಎತ್ತಿಟ್ಟಾಗ ಅವರ ಮುಖ ಸಣ್ಣದಾಯಿತು. ಅದು ತಪ್ಪು. ಆಮೇಲೆ ಕೂತು ಮಾತಾಡಿದೆವು. ಈಗ ಅವರು ಬರುವಾಗ ತೋಟದ ಎಳನೀರು, ಹಲಸಿನ ತೊಳೆ, ಒಮ್ಮೊಮ್ಮೆ ಗಾಳಿಪಟಕ್ಕೆ ಬಿದಿರುಕಡ್ಡಿ ತರುತ್ತಾರೆ. ಬಿದಿರುಕಡ್ಡಿ ತಂದ ದಿನ ಮೂವರೂ ಮಾಳಿಗೆಯಿಂದ ಇಳಿಯುವುದೇ ಇಲ್ಲ. ಆಟಿಕೆ ತಂದರೂ ತರಲಿ, "ನೀನು ಒಳ್ಳೆಯವನಾಗಿದ್ದೀಯ ಅಂತ ತಂದೆ" ಅನ್ನುವ ಮಾತೊಂದು ಬೇಡ ಎಂದಷ್ಟೇ ಕೇಳಿಕೊಂಡಿದ್ದೇನೆ.

ಜಾತ್ರೆಯಲ್ಲಿ, ಅಂಗಡಿಯಲ್ಲಿ ಹಠ ಹಿಡಿದರೆ?

ಜಾತ್ರೆಗೆ ಹೋಗಿ ಏನೂ ಕೊಡಿಸದೆ ಕರೆತರುವುದು ನನ್ನ ಕೈಲಾಗದು. ಪೀಪಿ, ಬಲೂನು, ಬಣ್ಣದ ಕನ್ನಡಕ ಎಲ್ಲ ಜಾತ್ರೆಯ ಭಾಗವೇ. ಹೊರಡುವ ಮುಂಚೆಯೇ ಹೇಳಿಬಿಡುತ್ತೇವೆ: ಒಬ್ಬರಿಗೆ ಒಂದು, 50 ರೂಪಾಯಿ ಒಳಗೆ, ಆರಿಸುವುದು ನೀವೇ. ಅದು ಜಾತ್ರೆಯ ಪಾಲು. ಅಳದಿದ್ದಕ್ಕೆ ಕೊಟ್ಟದ್ದಲ್ಲ, ಅತ್ತರೂ ಎರಡನೆಯದು ಇಲ್ಲ.

ಅಂಗಡಿಯಲ್ಲಿ ಬಿದ್ದು ಹೊರಳಾಡಿದರೆ ಎತ್ತಿಕೊಂಡು ಹೊರಗೆ ಬನ್ನಿ. ಜನ ನೋಡುತ್ತಾರೆ, ನೋಡಲಿ. ಹಸಿವೋ ನಿದ್ದೆಯೋ ನೋಡಿ, ಪಕ್ಕದಲ್ಲಿ ಕೂತುಕೊಳ್ಳಿ. ಆ ಹೊತ್ತಿನಲ್ಲಿ ಉಪದೇಶ ತಲೆಗೆ ಹೋಗುವುದಿಲ್ಲ.

ಇಬ್ಬರು ಮಕ್ಕಳಿದ್ದಾರೆ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಹೊಟ್ಟೆಕಿಚ್ಚು.

"ಅಕ್ಕನ್ನ ನೋಡಿ ಕಲಿ" ಅನ್ನುವ ಮಾತನ್ನು ಮನೆಯಿಂದಲೇ ಆಚೆ ಹಾಕಿ. ಅದರಿಂದ ತಮ್ಮ ಕಲಿಯುವುದು ಅಕ್ಕನ ಮೇಲಿನ ಸಿಟ್ಟು ಮಾತ್ರ. ಇಬ್ಬರಿಗೂ ಬೇರೆ ಬೇರೆ ಗುರಿ ಇಡಿ, ಸ್ಪರ್ಧೆ ಬೇಡ. ನಮ್ಮಲ್ಲಿ ಒಂದು ಉಪಾಯ ಚೆನ್ನಾಗಿ ನಡೆದಿದೆ: ಇಬ್ಬರೂ ಜಗಳವಿಲ್ಲದೆ ಒಂದು ಸಂಜೆ ಕಳೆದರೆ ಒಂದೇ ಡಬ್ಬಿಗೆ ಇಬ್ಬರ ಪರವಾಗಿ ಒಂದು ಬೀಜ. ತುಂಬಿದರೆ ಇಬ್ಬರಿಗೂ ಸೇರಿ ರಾತ್ರಿ ಕೈತುತ್ತು, ಅಜ್ಜಿ ಕಲಸಿ ಹಾಕುವುದು. ಅಕ್ಕ ತಮ್ಮನಿಗೆ "ಸುಮ್ನಿರೋ, ಬೀಜ ಹೋಗುತ್ತೆ" ಅಂತ ಪಿಸುಗುಡುವುದು ಅಡುಗೆಮನೆಗೆ ಕೇಳಿಸುತ್ತದೆ.

ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಸಮಯ ಕೊಡಿ ಅಂದರೆ ಎಲ್ಲಿಂದ ತರೋದು?

ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ನಾನೂ ಕೆಲಸಕ್ಕೆ ಹೋಗುವವಳೇ. ಸಂಜೆ ಮನೆಗೆ ಬಂದಾಗ ಸಿಂಕಿನಲ್ಲಿ ಪಾತ್ರೆ ಇರುತ್ತದೆ, ನೆನೆಹಾಕಿದ ಉದ್ದು ರುಬ್ಬಬೇಕಿರುತ್ತದೆ. ಆಟಿಕೆ ಕೊಡಿಸುವುದು ಎಷ್ಟೋ ಸಲ ನಮ್ಮ ಅಪರಾಧಿ ಭಾವಕ್ಕೆ ಕೊಡುವ ಸಮಾಧಾನ. ಗಂಟೆಗಟ್ಟಲೆ ಬೇಕಿಲ್ಲ. ಹತ್ತು ನಿಮಿಷ, ಮೊಬೈಲ್ ಇನ್ನೊಂದು ಕೋಣೆಯಲ್ಲಿ, ಮಗು ಹೇಳಿದ ಆಟ. ಮಾಡಬೇಕಾದ ಕೆಲಸದೊಳಗೇ ಮಗುವನ್ನು ಸೇರಿಸಿಕೊಳ್ಳುವುದು ಇನ್ನೂ ಸುಲಭ. ಬೆಳ್ಳುಳ್ಳಿ ಸುಲಿಯುತ್ತಾ ಮಗಳು ಶಾಲೆಯ ಕಥೆ ಹೇಳುವಷ್ಟು, ಎದುರಿಗೆ ಕೂರಿಸಿಕೊಂಡು "ಇವತ್ತು ಏನಾಯ್ತು ಹೇಳು" ಅಂದರೆ ಹೇಳುವುದಿಲ್ಲ.

ಒಂದು ಎಚ್ಚರಿಕೆ. ಮಲಗುವಾಗಿನ ಕಥೆ, ಅಪ್ಪುಗೆ, ದಿನದ ಆ ಹತ್ತು ನಿಮಿಷ ಇವನ್ನು ಗಳಿಸುವ ವಸ್ತು ಮಾಡಬೇಡಿ. ಅವು ತಂಟೆ ಮಾಡಿದ ದಿನವೂ ಸಿಗಬೇಕು. ಕೊಸರಾಗಿ ಕೊಡುವುದು ಇನ್ನೊಂದು ಕಥೆ, ಇನ್ನೊಂದು ಸುತ್ತು.

ಎಷ್ಟು ವಯಸ್ಸಿನಿಂದ ಎಷ್ಟು ವಯಸ್ಸಿನವರೆಗೆ ಇದು ನಡೆಯುತ್ತೆ?

ಮೂರರ ಒಳಗೆ ಡಬ್ಬಿ, ಬೀಜ ಯಾವುದೂ ಬೇಡ. ಚಪ್ಪಾಳೆ, ಮುದ್ದು, ನಿಮ್ಮ ನಗು ಸಾಕು. ನಾಲ್ಕರಿಂದ ಎಂಟು ವರ್ಷಕ್ಕೆ ಬೀಜದ ಡಬ್ಬಿ ಚೆನ್ನಾಗಿ ಒಪ್ಪುತ್ತದೆ. ಹತ್ತು ದಾಟಿದವರಿಗೆ ಅದು ಎಳೆಮಕ್ಕಳ ಆಟ ಅನ್ನಿಸುತ್ತದೆ. ಅವರಿಗೆ ಬೇಕಾಗಿರುವುದು ನಂಬಿಕೆ: ಸೈಕಲ್ಲಿನಲ್ಲಿ ಒಬ್ಬರೇ ಗೆಳತಿಯ ಮನೆಗೆ ಹೋಗಿ ಬರುವುದು, ರಜೆಯಲ್ಲಿ ಅರ್ಧ ಗಂಟೆ ತಡವಾಗಿ ಮಲಗುವುದು, ಮನೆಯ ಒಂದು ಬೀಗದ ಕೈ.

ಹುಟ್ಟುಹಬ್ಬಕ್ಕೂ ಆಟಿಕೆ ಬೇಡವಾ?

ಖಂಡಿತ ಕೊಡಿಸಿ. ಹುಟ್ಟುಹಬ್ಬ, ದಸರಾ ಇವು ಯಾರೂ ಗಳಿಸಬೇಕಾಗಿಲ್ಲದ ದಿನಗಳು. ಆಟಿಕೆ ಕೆಟ್ಟದ್ದು ಅಂತ ನಾನು ಎಲ್ಲೂ ಹೇಳಿಲ್ಲ. ನಾವು ಬೆಂಗಳೂರಿಗೆ ಹೋಗಿ ಬರುವಾಗ ದಾರಿಯಲ್ಲೇ ಚನ್ನಪಟ್ಟಣ ಸಿಗುತ್ತದೆ. ಅಲ್ಲಿ ಒಮ್ಮೆ ಹಾಲೆಮರದ ಬುಗುರಿ ತಂದಿದ್ದೆವು, ಅರಗಿನ ಬಣ್ಣ ಇನ್ನೂ ಹೊಳೆಯುತ್ತಿದೆ. ವರ್ಷಕ್ಕೆ ಒಂದೋ ಎರಡೋ ಬಂದಾಗ ಮಕ್ಕಳು ಅದನ್ನು ಜೋಪಾನ ಮಾಡುತ್ತಾರೆ.

ಇಷ್ಟೆಲ್ಲ ಮಾಡಿದರೂ ಏನೂ ಬದಲಾಗುತ್ತಿಲ್ಲ.

ಮೊದಲು ನಿದ್ದೆ, ಹಸಿವು, ಹೊಟ್ಟೆನೋವು, ಶಾಲೆಯಲ್ಲಿ ಯಾರಾದರೂ ಹೆದರಿಸುತ್ತಿದ್ದಾರಾ ಇವನ್ನೆಲ್ಲ ವಿಚಾರಿಸಿ. ಮನೆಯಲ್ಲಿ ಹೊಸ ಕೂಸು ಬಂದಿದ್ದರೆ, ಅಪ್ಪ-ಅಮ್ಮ ಜಗಳವಾಡುತ್ತಿದ್ದರೆ, ಯಾರಾದರೂ ತೀರಿಕೊಂಡಿದ್ದರೆ ಮಗುವಿನ ನಡತೆ ಕೆಡುವುದು ಸಹಜ, ಆಗ ಬೇಕಾದದ್ದು ಮಡಿಲು. ನೀವು ಇಟ್ಟ ಗುರಿ ಆ ವಯಸ್ಸಿಗೆ ಆಗುವಂಥದ್ದಾ ಅಂತಲೂ ನೋಡಿ. ಐದು ವರ್ಷದ ಹುಡುಗನನ್ನು ಒಂದು ಗಂಟೆ ಅಲ್ಲಾಡದೆ ಕೂರಿಸಲು ಯಾವ ಬಹುಮಾನಕ್ಕೂ ಆಗುವುದಿಲ್ಲ.

ಹೊಡೆತದ ಕಡೆಗೆ ಮಾತ್ರ ತಿರುಗಬೇಡಿ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು, ಮನಸ್ಸಿಗೆ ಹಿಂಸೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ. ಮನೆಗೂ ಅದೇ ಮಾತು ಸಲ್ಲಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ತಿಂಗಳುಗಟ್ಟಲೆ ಮಗು ತನಗೋ ಬೇರೆಯವರಿಗೋ ನೋವು ಮಾಡಿಕೊಳ್ಳುತ್ತಿದ್ದರೆ, ಮಾತು ನಿಂತಿದ್ದರೆ, ಶಾಲೆಗೆ ಹೋಗಲು ನಡುಗುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ಮನೋವೈದ್ಯ ವಿಭಾಗವಿದೆ. ಮನೆಯಿಂದಲೇ ಮಾತಾಡಬೇಕಿದ್ದರೆ ಟೆಲಿ ಮನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇವತ್ತೇ ಶುರು ಮಾಡಬೇಕು. ಮೊದಲು ಏನು ಮಾಡಲಿ?

ಇವತ್ತು ಸಂಜೆ ಮಗು ಮಾಡುವ ಒಂದು ಸಣ್ಣ ಒಳ್ಳೆಯ ಕೆಲಸವನ್ನು ಹುಡುಕಿ, ಇದ್ದೇ ಇರುತ್ತದೆ. ಅದನ್ನು ನೋಡಿದೆ ಅಂತ ಅದರ ಹತ್ತಿರ ಹೋಗಿ, ಕೂತು, ಒಂದೇ ವಾಕ್ಯದಲ್ಲಿ ಹೇಳಿ. ಡಬ್ಬಿ, ಬೀಜ ಎಲ್ಲ ಮುಂದಿನ ವಾರಕ್ಕೆ ಇರಲಿ.